ಕಫೀಲ್ ಇಲ್ಲದ ಗಾಯಾಳು

ಎರಡು ವರ್ಷಗಳ ಹಿಂದೆ ನಮ್ಮ ಶಿಪ್ಪಿಂಗ್ ಏಜೆನ್ಸಿ ನನ್ನನ್ನು ಆಪರೇಷನ್ಸ್ ಮ್ಯಾನೇಜರ್ ಆಗಿ ಒಮಾನಿನ ದುಕ್ಮ್ ಬಂದರಿಗೆ ಹಾಕಿತ್ತು. ಹಡಗಿನಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ದಡಕ್ಕಿಳಿಸಿ, ಆಸ್ಪತ್ರೆಗೆ ಸೇರಿಸಿ, ಗುಣವಾದ ಮೇಲೆ ಊರಿಗೆ ಕಳಿಸುವುದೂ ನಮ್ಮದೇ ಕೆಲಸ. ಒಮಾನಿನಲ್ಲಿ ದುಡಿಯುವ ಹೊರದೇಶದವರಿಗೆಲ್ಲ ಒಬ್ಬ ಕಫೀಲ್, ಅಂದರೆ ಹೊಣೆ ಹೊತ್ತವನು, ಇರಲೇಬೇಕು. ಕಫೀಲ್ ಇಲ್ಲದ ಮನುಷ್ಯನನ್ನು ಕಲ್ಪಿಸಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ.

ಒಂದು ದಿನ ಆಫ್ರಿಕಾದ ಕಡೆಯಿಂದ ಬಂದ ಸರಕು ಹಡಗು ಒಬ್ಬ ರಷ್ಯನ್‌ನನ್ನು ಇಳಿಸಿ ಹೋಯಿತು. ಏಣಿಯಿಂದ ಬಿದ್ದ ಫಿಟ್ಟರ್ ಎಂದು ಕ್ಯಾಪ್ಟನ್ ತಿಳಿಸಿದ್ದ. ಆಸ್ಪತ್ರೆಯಲ್ಲಿ ಕುಂದಾಪುರದ ಕಡೆಯ ಡಾಕ್ಟರ್ ಶಾಲಿನಿ ತೊಡೆಯ ಬ್ಯಾಂಡೇಜ್ ಬಿಚ್ಚಿ ನೋಡಿ ನನ್ನನ್ನು ಹೊರಗೆ ಕರೆದರು.

"ಶೆಟ್ರೇ, ಇದು ಗುಂಡೇಟು. ಕೊಳೀಲಿಕ್ಕೆ ಶುರುವಾಗಿದೆ. ಈಗಲೇ ಆಪರೇಷನ್ ಆಗ್ಬೇಕು. ಇವನ ಕಫೀಲ್ ಯಾರು ಮಾರಾಯ್ರೆ?"

ಅವನ ಕಂಪನಿಯದೆಂದು ಕ್ಯಾಪ್ಟನ್ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ ಎಂದು ಕಟ್ ಮಾಡಿದರು. ನನಗೆ ಪಿತ್ತ ನೆತ್ತಿಗೇರಿತು. ಏಜೆನ್ಸಿಯ ಪರವಾಗಿ ನಾನೇ ಹೊಣೆ ಎಂದು ಸಹಿ ಹಾಕಿಬಿಟ್ಟೆ. ಪೊಲೀಸರೂ ಬಂದು ವಿಚಾರಿಸಿ ಹೋದರು.

ಅವನು ಬದುಕಿದ. ಹೆಸರು ಅಂತೋನ್. ಖಾಸಗಿ ಸೇನಾ ಕಂಪನಿಗೆ ಸೇರಿ ಆಫ್ರಿಕಾದಲ್ಲೊಂದು ಚಿನ್ನದ ಗಣಿ ಕಾಯುತ್ತಿದ್ದನಂತೆ. ಪರದೇಶದಲ್ಲಿ ಪ್ರಭಾವ ಬೇಕು, ಸೈನ್ಯ ಕಳಿಸಿದೆವೆಂಬ ಮಾತು ಮಾತ್ರ ಬೇಡ ಎಂದಾಗ ರಷ್ಯಾಕ್ಕೆ ಒದಗುವವರು ಇಂಥ ಕಂಪನಿಗಳವರು. ಸತ್ತರೆ ಸರ್ಕಾರ ಉತ್ತರ ಹೇಳಬೇಕಾಗಿಲ್ಲ.

"ನಾವು ಅಲ್ಲಿ ಇರಲೇ ಇಲ್ಲ," ಎಂದ ಅಂತೋನ್, ಹರಕು ಇಂಗ್ಲಿಷಿನಲ್ಲಿ.

ಅವನ ಚೇತರಿಕೆಯ ವರದಿಯನ್ನು ನಾನು ವಾಡಿಕೆಯಂತೆ ಆ ಕಂಪನಿಗೆ ಇ-ಮೇಲ್ ಮಾಡುತ್ತಲೇ ಇದ್ದೆ. ಉತ್ತರ ಬರಲಿಲ್ಲ. ಬದಲಿಗೆ, ಇಸ್ತ್ರಿ ಮಾಡಿದ ಬಿಳಿ ಶರಟಿನ ಒಬ್ಬ ಮನುಷ್ಯ ಬಂದ. ಕಂಪನಿಯವನು, ಅಂತೋನ್‌ನನ್ನು ಕರೆದೊಯ್ಯಬೇಕು ಎಂದ. ಅಂತೂ ಕಫೀಲ್ ಸಿಕ್ಕಿದನಲ್ಲ ಎಂದು ನನಗೆ ಸಮಾಧಾನವೇ ಆಯಿತು.

"ಅವತ್ತು ಅಂಥವರು ಯಾರೂ ಇಲ್ಲ ಎಂದಿರಲ್ಲ?" ಎಂದು ಕೇಳಿದೆ.

"ಅವತ್ತು ಅವನು ಬದುಕುತ್ತಾನೆ ಎಂದುಕೊಂಡಿರಲಿಲ್ಲ," ಎಂದ, ಬಹಳ ವಿನಯದಿಂದ. ಬದುಕಿದವನು ಬಾಯಿ ಬಿಡಬಲ್ಲ; ಅವನು ಬದುಕಿದ್ದಾನೆಂದು ಇವರಿಗೆ ತಿಳಿಸಿದವನು ನಾನೇ.

ವಾರ್ಡಿನಲ್ಲಿ ಅವನನ್ನು ಕಂಡದ್ದೇ ಅಂತೋನ್ ನನ್ನ ಕೈ ಹಿಡಿದುಕೊಂಡ. "ಇವರ ಜೊತೆ ಕಳಿಸಬೇಡಿ."

"ಡಿಸ್ಚಾರ್ಜ್ ಕೊಡುದೇ ಇಲ್ಲ ನಾನು. ಪೊಲೀಸಿಗೆ ಫೋನ್ ಮಾಡಿ ಶೆಟ್ರೇ," ಎಂದು ಡಾಕ್ಟರ್ ಶಾಲಿನಿ ಮಂಚಕ್ಕೆ ಅಡ್ಡ ನಿಂತರು.

ಬಂದವನು ವಾದಕ್ಕಿಳಿಯಲಿಲ್ಲ. ಫೋನಿನಲ್ಲಿ ವಿಡಿಯೊ ಕಾಲ್ ಮಾಡಿ ಅಂತೋನ್‌ನ ಮುಂದೆ ಹಿಡಿದ. ಯಾವುದೋ ಅಡುಗೆಮನೆ. ಅಂತೋನ್‌ನ ಹೆಂಡತಿ ಮೇಜಿನ ಮುಂದೆ ಕೂತಿದ್ದಳು. ಅವಳ ಎರಡೂ ಪಕ್ಕದಲ್ಲಿ ಗಂಡಸರಿಬ್ಬರು ಕೂತು ಚಹಾ ಕುಡಿಯುತ್ತಿದ್ದರು.

ಅಂತೋನ್ ನನ್ನ ಕೈ ಬಿಟ್ಟು, ಮಂಚದ ಕೆಳಗೆ ಚಪ್ಪಲಿಗಾಗಿ ತಡಕಾಡಿದ. ಫೋನ್ ಮಾಡಿ ಕರೆಸಿದ ಪೊಲೀಸರ ಎದುರಿಗೂ, "ನನ್ನ ಇಷ್ಟದಿಂದಲೇ ಹೋಗುತ್ತಿದ್ದೇನೆ," ಎಂದ. ಆಮೇಲೆ ಅವನ ಸುದ್ದಿಯಿಲ್ಲ.

ಗಾಯಾಳು ಇಳಿದರೆ ಅವನ ಕಂಪನಿಗೆ ತಿಳಿಸುವುದು ಈಗಲೂ ನನ್ನ ಕೆಲಸ. ಅದಕ್ಕೆ ಮೊದಲು, ತಿಳಿಸಲೇ ಎಂದು ಅವನನ್ನು ಕೇಳುತ್ತೇನೆ.