ಹುಡುಗಿಯರ ಸಾಲಿನ ಶಿಕ್ಷೆ

ಹೂಲಿಯ ಆ ಶಾಲೆಯ ಏಳನೇ ತರಗತಿ ಎಂದರೆ ಥೇಟ್ ಸಂತೆ. ಮೊದಲಿದ್ದ ಮಾಸ್ತರರು ಬೆತ್ತ ಬೀಸಿ ಬೀಸಿ ಸುಸ್ತಾಗಿ ವರ್ಗ ಮಾಡಿಸಿಕೊಂಡು ಹೋಗಿದ್ದರು. ಅವರ ಜಾಗಕ್ಕೆ ಬಂದ, ಸವದತ್ತಿಯಿಂದ ದಿನಾ ಬಸ್ಸಿಗೆ ಓಡಾಡುವ ಮುಕುಂದ ಮಾಸ್ತರರು ಬೆತ್ತ ಮುಟ್ಟುವವರಲ್ಲ. ಅದರ ಜಂಬವೂ ಅವರಿಗೆ ತುಸು ಇತ್ತು. ತಾವು ಕಲಿಯುವಾಗ ಕಂಡ ಹಳೆಯ ಉಪಾಯವನ್ನೇ ಅವರು ಹಿಡಿದರು: ಗದ್ದಲ ಮಾಡಿದ ಹುಡುಗನನ್ನು ಎಬ್ಬಿಸಿ ಹುಡುಗಿಯರ ಸಾಲಿನಲ್ಲಿ ಕೂಡಿಸುವುದು. ಎಂಥ ಪುಂಡನೂ ಕಿವಿ ಕೆಂಪಗಾಗಿ ತೆಪ್ಪಗಾಗುತ್ತಿದ್ದ.

ಪುಂಡರಲ್ಲಿ ಮೊದಲಿಗ ಪರಶು. ಅವನನ್ನು ಮಾಸ್ತರರು ದಿನವೂ ಭಾಗೀರಥಿಯ ಪಕ್ಕದಲ್ಲೇ ಕೂಡಿಸುತ್ತಿದ್ದರು. ಆಕೆ ಲೆಕ್ಕದಲ್ಲಿ ಚುರುಕು, ಆದರೆ ತುಟಿ ಪಿಟಕ್ಕೆನ್ನದ ಹುಡುಗಿ. ಇವನ ಮಾತಿಗೆ ಜೊತೆ ಸಿಗುವುದಿಲ್ಲ ಎಂಬುದು ಅವರ ಎಣಿಕೆ. ತರಗತಿ ಗಪ್‌ಚಿಪ್ ಆಯಿತು. ಹೆಡ್ಮಾಸ್ತರರು ಬಾಗಿಲಲ್ಲಿ ನಿಂತು ಭೇಷ್ ಎಂದಾಗ ಮುಕುಂದ ಮಾಸ್ತರರು ಒಳಗೊಳಗೇ ಉಬ್ಬಿದರು.

ಅಷ್ಟರಲ್ಲಿ ಭಾಗೀರಥಿ ಶಾಲೆಗೆ ಬರುವುದನ್ನು ಬಿಟ್ಟಳು. ಹತ್ತಿ ಬಿಡಿಸಲು ತಾಯಿಯ ಜೊತೆ ಹೋಗಿರಬೇಕೆಂದು ಮಾಸ್ತರರು ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತಿ ಮುಗಿದರೂ ಆಕೆಯ ಸುಳಿವಿಲ್ಲ. ಉಳಿದ ಹುಡುಗಿಯರನ್ನು ಕೇಳಿದರೆ ಮುಖ ಮುಖ ನೋಡಿಕೊಂಡು ನಕ್ಕರು. ಕೊನೆಗೆ ಒಬ್ಬಳು ಬಾಯಿ ಬಿಟ್ಟಳು. ಊರ ಹುಡುಗರೆಲ್ಲ ಆಕೆಯನ್ನು ಪರಶುವಿನ ಹೆಂಡತಿ ಎಂದು ಕೂಗುತ್ತಾರಂತೆ; ನೀರಿಗೆ ನಲ್ಲಿಯ ಹತ್ತಿರ ಬಂದರೂ ಬಿಡುವುದಿಲ್ಲವಂತೆ.

ಥೂ, ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಮಾಸ್ತರರು ತಮ್ಮನ್ನೇ ಬೈದುಕೊಂಡರು. ಹುಡುಗಿಯ ಪಕ್ಕ ಕೂಡುವುದು ಅವಮಾನ ಎಂದು ಹುಡುಗರಿಗೆ ಕಲಿಸಿದವರು ತಾವೇ. ಆ ಪಕ್ಕದಲ್ಲಿ ಕೂತವಳಿಗೆ ಏನಾಗುತ್ತದೆ ಎಂದು ಒಂದು ದಿನವೂ ಅವರು ಯೋಚಿಸಿರಲಿಲ್ಲ.

ಸಂಜೆ ಬಸ್ಸು ಬಿಟ್ಟು ಆಕೆಯ ಮನೆಗೆ ಹೋದರು. ತಾಯಿ ಲಗಮವ್ವ ಗಡಿಬಿಡಿಯಿಂದ ಚಾಪೆ ಹಾಸಿದಳು, ಚಹಾಕ್ಕಿಟ್ಟಳು. ಪರಶು ಮಾತಾಡುತ್ತಾನೆಂದು ಅವನನ್ನು ಅಲ್ಲಿ ಕೂಡಿಸಿದ್ದು, ನಿಮ್ಮ ಮಗಳದೇನೂ ತಪ್ಪಿಲ್ಲ, ತಪ್ಪೆಲ್ಲ ನನ್ನದೇ ಎಂದು ಮಾಸ್ತರರು ತಡವರಿಸುತ್ತ ಹೇಳಿದರು. ಲಗಮವ್ವ ಚಹಾ ಬಿಟ್ಟು ಎದುರಿಗೆ ಬಂದು ಕೂತಳು.

“ನಾ ಬ್ಯಾರೇನ ತಿಳಕೊಂಡಿದ್ದೆನ್ರಿ ಸರ್ರ. ಕಲತ ಮಾಸ್ತರ್ರು ದಿನಾ ಹುಡುಗನ ಬಾಜೂಕ ಕುಂದರಸ್ತಾರಂದ್ರ ಇಕೀದ ಏನರ ತಪ್ಪ ಇರಬೇಕಂತ ಬಡದ್ನಿರಿ. ನಂದೇನೂ ಇಲ್ಲಬೇ ಅಂತ ಅಳಕೋತ ಹೇಳಿದ್ಳು. ನಾ ನಿಮ್ಮನ್ನ ನಂಬಿದ್ನಿರಿ.”

ಬಾಗಿಲ ಹಿಂದೆ ಭಾಗೀರಥಿ ನಿಂತಿದ್ದಳು. ಅವಳತ್ತ ಕಣ್ಣೆತ್ತಲು ಮಾಸ್ತರರಿಗೆ ಧೈರ್ಯವಾಗಲಿಲ್ಲ. ನಾಳೆಯಿಂದ ಕಳಿಸಿರಿ ಎಂದಷ್ಟೇ ಬೇಡಿಕೊಂಡು ಎದ್ದರು.

ಮರುದಿನ ಅವರು ತರಗತಿಯ ಎದುರು ನಿಂತು, ಹಾಗೆ ಕೂಡಿಸಿದ್ದು ತಮ್ಮ ತಪ್ಪು, ಇನ್ನು ಯಾರಾದರೂ ಭಾಗೀರಥಿಯನ್ನು ಆಡಿಕೊಂಡರೆ ಸುಮ್ಮನಿರುವುದಿಲ್ಲ ಎಂದು ಹೇಳುತ್ತಿದ್ದರು. ಆಗಲೇ ಆಕೆ ಬಂದಳು. ಒಳಗೆ ಕಾಲಿಡಲಿಲ್ಲ.

“ಸರ್ರ, ನಾ ಎಲ್ಲಿ ಕುಂದರಲಿರಿ?”

ನಿನಗೆ ಬೇಕಾದಲ್ಲಿ ಕೂಡವ್ವ ಎಂದರು ಮಾಸ್ತರರು. ಗೆಳತಿಯರು ಸರಿದು ಜಾಗ ಮಾಡಿದರು. ಭಾಗೀರಥಿ ಅತ್ತ ಹೋಗಲಿಲ್ಲ. ಎಲ್ಲರ ಹಿಂದೆ, ಗೋಡೆಯ ಮೂಲೆಯಲ್ಲಿ ಒಬ್ಬಳೇ ಕೂತು, ಪಕ್ಕದಲ್ಲಿ ಯಾರೂ ಕೂಡದ ಹಾಗೆ ತನ್ನ ಚೀಲ ಇಟ್ಟುಕೊಂಡಳು.