ಯಲಹಂಕದ ಬನಫ್ಷಾ

ಯಲಹಂಕದ ಹಳೆ ಊರಿನಲ್ಲಿ ಹಕೀಮ್ ಅಕ್ಬರ್ ಪಾಷಾ ಅವರ ಯುನಾನಿ ಔಷಧಿ ಅಂಗಡಿ ಇತ್ತು. ಅವರ ಮಗಳು ನಸೀಮಾ ಹನ್ನೆರಡನೇ ವಯಸ್ಸಿನಿಂದಲೇ ಅಲ್ಲಿ ಕೂತು ಬೇರು, ತೊಗಟೆ ಕುಟ್ಟುತ್ತಿದ್ದಳು. ಕೆಮ್ಮಿ ಕೆಮ್ಮಿ ಎದೆ ನೋಯಿಸಿಕೊಂಡು ಬಂದವರಿಗೆ ಹಕೀಮರು ಕೊಡುತ್ತಿದ್ದದ್ದು ಬನಫ್ಷಾ ಹೂವಿನ ಕಷಾಯ. ಒಂದು ಚಿಟಿಕೆ ಒಣಹೂವು, ಜೇಷ್ಠಮಧು, ನಾಲ್ಕು ಎಲಚಿ ಹಣ್ಣು ಹಾಕಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು. ಹೂವು ಕಾಶ್ಮೀರದ ಕಡೆಯಿಂದ ಬರುತ್ತಿತ್ತು. ಮುಟ್ಟಿದರೆ ಪುಡಿಯಾಗುವ ಕಂದು ಚೂರುಗಳು. ಮೂಸಿದರೆ ಒಣಹುಲ್ಲಿನ ವಾಸನೆ.

ಹಕೀಮರು ದೆಹಲಿಯಲ್ಲಿ ಓದುವಾಗ ಒಮ್ಮೆ ಬೆಟ್ಟದ ಕಡೆ ಹೋಗಿ ಅದನ್ನು ಹಸಿಯಾಗಿ ಕಂಡಿದ್ದರು.

"ಅಬ್ಬಾ, ಅದರ ವಾಸನೆ ಹೆಂಗಿರುತ್ತೆ?" ಎಂದು ಮಗಳು ತಂದೆಯನ್ನು ಕೇಳುತ್ತಿದ್ದಳು.

"ಹೇಳಕ್ಕೆ ಬರಲ್ಲಮ್ಮ. ನೀನೇ ಮೂಸಿ ನೋಡ್ಬೇಕು."

ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ನಸೀಮಾ ತವರಿಗೆ ಮರಳಿದಳು. ಸಾವಿರದ ಒಂಬೈನೂರ ಐವತ್ತೈದರಲ್ಲಿ ಹಕೀಮರೂ ತೀರಿಹೋದ ಮೇಲೆ ಅಂಗಡಿಗೆ ಅವಳೊಬ್ಬಳೇ ಆದಳು. ಪ್ರತಿ ಸಲ ಬನಫ್ಷಾದ ಡಬ್ಬಿ ತೆರೆದಾಗಲೂ, ಈ ಚೂರುಗಳು ಒಂದು ಕಾಲಕ್ಕೆ ನೇರಳೆ ಬಣ್ಣದಲ್ಲಿ ನಗುತ್ತಿದ್ದವಲ್ಲ ಎಂದು ಅವಳ ಜೀವ ತುಡಿಯುತ್ತಿತ್ತು.

ಹೆಬ್ಬಾಳದ ಕೃಷಿ ತೋಟದಲ್ಲಿ ಮಾಲಿಯಾಗಿದ್ದ ಪಿಳ್ಳಣ್ಣನಿಗೆ ಚಳಿಗಾಲ ಬಂತೆಂದರೆ ಕೆಮ್ಮು. ಅವಳ ಕಷಾಯದಿಂದ ಗುಣ ಕಂಡವನು ಒಂದು ದಿನ ಒದ್ದೆ ಗೋಣಿಚೀಲದ ತುಂಡನ್ನು ಅಂಗಡಿಯ ಕಟ್ಟೆಯ ಮೇಲಿಟ್ಟ.

"ತೋಟದ ಕೆಲ್ಸದ ಮೇಲೆ ಊಟಿಗೋಗಿದ್ದೆ ಕಣಮ್ಮ. ಅಲ್ಲಿನ ಮಾಲಿ ಇದ್ನೇ ಬನಫ್ಷಾ ಅಂದ. ನಿಮ್ ನೆನಪಾಯ್ತು, ತಕಂಬಂದೆ."

ಒಳಗೆ ಬೇರುಬಿಟ್ಟ ಎರಡು ಬಳ್ಳಿತುಂಡುಗಳು, ಹೃದಯದ ಆಕಾರದ ಪುಟ್ಟ ಎಲೆಗಳು. ನಸೀಮಾ ಅವನ್ನು ಎತ್ತಿಕೊಂಡು ನೇರ ಹಿತ್ತಿಲಿಗೆ ನಡೆದಳು.

ಹಿತ್ತಿಲಿನ ಬಾವಿಯ ಪಕ್ಕ, ಸೀಬೆಮರದ ನೆರಳಿನಲ್ಲಿ ಅವನ್ನು ನೆಟ್ಟಳು. ಕೊಳೆತ ಎಲೆಯ ಗೊಬ್ಬರ ಹಾಕಿ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಚಿಮುಕಿಸಿದಳು. ಗಿಡ ನೆಲದ ಮೇಲೆ ಬಳ್ಳಿ ಚಾಚಿ, ಹೋದಲ್ಲೆಲ್ಲ ಬೇರೂರಿ, ಎರಡು ವರ್ಷಕ್ಕೆ ಚಾಪೆಯಷ್ಟಗಲ ಹಬ್ಬಿತು. ಹೂ ಮಾತ್ರ ಇಲ್ಲ. ಒಂದು ದಿನ ಕಳೆ ಕೀಳುತ್ತಿದ್ದಾಗ ಎಲೆಗಳಡಿ, ಮಣ್ಣಿಗೆ ಅಂಟಿಕೊಂಡಂತೆ, ಗುಂಡನೆಯ ಕಾಯಿಗಳು ಸಿಕ್ಕವು. ಪಿಳ್ಳಣ್ಣನನ್ನು ಕರೆಸಿದಳು.

"ಊವೇ ಬಿಡ್ದೆ ಕಾಯಿ ಎಂಗಾಯ್ತದಮ್ಮ?"

ಇಬ್ಬರೂ ಬಗ್ಗಿ ಹುಡುಕಿದರು. ಎಲೆಯ ಕೆಳಗೆ ಅಕ್ಕಿಕಾಳಿನಷ್ಟು ಹಸಿರು ಮೊಗ್ಗುಗಳಿದ್ದವು. ಅವು ಅರಳುವುದೇ ಇಲ್ಲ, ಮುಚ್ಚಿಕೊಂಡೇ ಬೀಜ ಕಟ್ಟುತ್ತವೆ.

"ಸೆಕೆಗೆ ಇಂಗಾಡ್ತದೇನೋ. ಇನ್ನೂ ತಂಪು ಬೇಕು ಇದಕ್ಕೆ," ಎಂದ ಪಿಳ್ಳಣ್ಣ.

ಆ ಮಳೆಗಾಲ ನಸೀಮಾ ಅರ್ಧ ಗಿಡಗಳನ್ನು ಕಿತ್ತು, ಬಿಸಿಲೇ ಬೀಳದ ಉತ್ತರದ ಗೋಡೆಯ ಬುಡಕ್ಕೆ ಸಾಗಿಸಿದಳು. ಒಂದು ಗಿಡವನ್ನು ಕುಂಡದಲ್ಲಿ ನೆಟ್ಟು, ಹೆಬ್ಬಾಳದಲ್ಲಿದ್ದ ಪಿಳ್ಳಣ್ಣನ ಹೆಂಡತಿ ರಾಮಲಕ್ಷ್ಮಮ್ಮನಿಗೆ ಕೊಟ್ಟಳು.

ಅರವತ್ತೆರಡರ ಜನವರಿ. ಮಂಜು ಇನ್ನೂ ಕರಗಿರಲಿಲ್ಲ. ನೀರು ಸೇದಲು ಹೊರಬಂದವಳಿಗೆ ಗೋಡೆಯ ಬುಡದಲ್ಲಿ ನೇರಳೆ ಚುಕ್ಕೆಯೊಂದು ಕಂಡಿತು. ಐದು ಎಸಳು, ತಲೆ ಬಗ್ಗಿಸಿದ ಹೂವು. ನಸೀಮಾ ಒದ್ದೆ ನೆಲದ ಮೇಲೆ ಮಂಡಿಯೂರಿ ಮೂಗು ಹತ್ತಿರ ತಂದಳು. ಸಿಹಿಯಾದ, ತಂಪಾದ ಒಂದು ಪರಿಮಳ ಬಂದು ಎದೆ ತುಂಬಿತು. ಮತ್ತೆ ಉಸಿರೆಳೆದಳು. ಏನೂ ಇಲ್ಲ. ಗಾಬರಿಯಾಗಿ ದೂರ ಸರಿದು, ಸ್ವಲ್ಪ ಹೊತ್ತು ಕಾದು ಮೂಸಿದರೆ ಮತ್ತೆ ಬಂತು, ಮತ್ತೆ ಹೋಯಿತು. ಹೂವಿನ ಗುಣವೇ ಹಾಗೆ, ಮೂಗಿಗೆ ಒಂದು ಕ್ಷಣಕ್ಕಿಂತ ಹೆಚ್ಚು ನಿಲ್ಲದು. ಬೆಳಿಗ್ಗೆಯೆಲ್ಲ ಅವಳು ಅಲ್ಲಿಯೇ ಕೂತಿದ್ದಳು. ಅಂಗಡಿ ತೆರೆದದ್ದು ಹನ್ನೊಂದಕ್ಕೆ.

ಅದನ್ನು ಕೀಳಲಿಲ್ಲ. ನಾಲ್ಕನೇ ದಿನ ತಾನಾಗಿ ಬಾಡಿತು. ಆ ಚಳಿಗಾಲ ಮತ್ತೊಂದು ಅರಳಲಿಲ್ಲ. ಮುಂದಿನ ಎರಡು ವರ್ಷವೂ ಇಲ್ಲ. ಎಲೆಗೂ ಕಫ ಕರಗಿಸುವ ಗುಣವಿದ್ದುದರಿಂದ ಕಷಾಯಕ್ಕೆ ಎಲೆ ಹಾಕುತ್ತಿದ್ದಳು. ಅರವತ್ತೈದರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಗೆ ಬಾವಿ ಬತ್ತಿ, ಹಿತ್ತಿಲಿನ ಗಿಡಗಳೆಲ್ಲ ಒಣಗಿಹೋದವು.

ಉಳಿದದ್ದು ಹೆಬ್ಬಾಳದಲ್ಲಿ ರಾಮಲಕ್ಷ್ಮಮ್ಮನ ಬಳಿಯಿದ್ದ ಕುಂಡವೊಂದೇ. ಅರವತ್ತೇಳರ ಜನವರಿಯಲ್ಲಿ ನಸೀಮಾ ಬಸ್ಸು ಹತ್ತಿ ಅಲ್ಲಿಗೆ ಹೋದಳು. ಕೆರೆಯ ತಂಪುಗಾಳಿಗೆ ಗಿಡ ಸೊಂಪಾಗಿತ್ತು.

"ಈ ವರ್ಸಾನೂ ಊ ಬಿಟ್ಟಿಲ್ಲ ಕಣಮ್ಮ. ದಿನಾ ನೋಡ್ತೀನಿ," ಎಂದಳು ರಾಮಲಕ್ಷ್ಮಮ್ಮ, ತಾನೇ ತಪ್ಪು ಮಾಡಿದವಳಂತೆ.

"ಇರ್ಲಿ ಬಿಡಿ ಅಕ್ಕ."

ನಸೀಮಾ ಒಂದೊಂದೇ ಎಲೆ ಎತ್ತಿ ನೋಡಿದಳು. ಕಾಫಿ ಕುಡಿದು, ಹೊರಡುವ ಮುನ್ನ ಇನ್ನೊಮ್ಮೆ ನೋಡಿದಳು. ಮುಂದಿನ ಚಳಿಗಾಲ ಅವಳು ಜನವರಿಗೆ ಕಾಯದೆ ಡಿಸೆಂಬರಿನಲ್ಲೇ ಬಂದಳು.