ಹೊಸ ವರ್ಷದ ಬೌಲ್ ಮತ್ತು ಅಪ್ಪ ಬಿಟ್ಟ ಕಾಫಿ

ನಾನು ನಾಲ್ಕನೇ ಗ್ರೇಡಿನಲ್ಲಿದ್ದ ದಿನಗಳು ಅವು. ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಕಾಫಿಯ ಘಮ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುತ್ತಿತ್ತು. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಅಮ್ಮನ ಸೀರೆಗಳ ನಡುವೆ ಕೂತು ಬಂದ ಪುಡಿ, ಅಜ್ಜಿ ಕೊಟ್ಟ ಹಿತ್ತಾಳೆಯ ಫಿಲ್ಟರ್. ಅಪ್ಪ ಡಿಯರ್‌ಬಾರ್ನ್‌ನ ಕಾರು ಕಂಪನಿಗೆ ಹೊರಡುವ ಮುಂಚೆ ಅವರೂ ಅಮ್ಮನೂ ಅಡುಗೆಮನೆಯ ಪುಟ್ಟ ಟೇಬಲ್ಲಿಗೆ ಎದುರುಬದುರು ಕೂರುತ್ತಿದ್ದರು. ಅಂಗಳದ ಹಿಮ ಯಾರು ಎತ್ತಿ ಹಾಕುವುದು, ಮೈಸೂರಿನ ಅತ್ತೆಯ ಮಂಡಿನೋವು, ಅಪ್ಪನ ಬಾಸಿನ ಕಿರಿಕಿರಿ, ಎಲ್ಲವೂ ಲೋಟ ಖಾಲಿಯಾಗುವುದರೊಳಗೆ ಮಾತಾಗಿ ಮುಗಿಯುತ್ತಿತ್ತು. ಅಮ್ಮ ಬಾಯಿ ತುಂಬ ನಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ನಾನು ಕಾಲುಚೀಲದಲ್ಲೇ ಜಾರುತ್ತ ಕೆಳಗೆ ಬಂದರೆ ಅಪ್ಪ ಕೊನೆಯ ಗುಟುಕನ್ನು ನೊರೆಯ ಸಮೇತ ಬಟ್ಟಲಿಗೆ ಬಗ್ಗಿಸಿ, "ಕುಡಿ ಪುಟ್ಟಿ, ಅಮ್ಮಂಗೆ ಹೇಳ್ಬೇಡ" ಎನ್ನುತ್ತಿದ್ದರು. ಅಮ್ಮ ಎದುರಿಗೇ ಕೂತಿರುತ್ತಿದ್ದಳು.

ಆ ಟೇಬಲ್ಲನ್ನು ನಮ್ಮಿಂದ ಕಿತ್ತುಕೊಂಡದ್ದು ಕಾಲೇಜು ಫುಟ್‌ಬಾಲ್. ನಗಬೇಡಿ. ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಇದು ಕಾಲಿನ ಆಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಇಲ್ಲಿನ ಫುಟ್‌ಬಾಲ್. ನಮ್ಮ ಮಿಡ್‌ವೆಸ್ಟಿನ ವಿಶ್ವವಿದ್ಯಾಲಯಗಳೆಲ್ಲ ಸೇರಿ ಒಂದು ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲೇ ಆಡುವ ಟೀಮುಗಳ ಕೂಟ; ಪಶ್ಚಿಮ ಕರಾವಳಿಯವರದ್ದು ಇನ್ನೊಂದು. ಎರಡರ ನಡುವೆ ತಲೆಮಾರುಗಳಿಂದ ಬಂದ ಒಪ್ಪಂದವಿತ್ತು. ಇಲ್ಲಿನ ಚಾಂಪಿಯನ್ನೂ ಅಲ್ಲಿನ ಚಾಂಪಿಯನ್ನೂ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ಒಂದು ಹಳೆಯ ಮೈದಾನದಲ್ಲಿ ಎದುರಾಗಬೇಕು. ಇಂಥ ಪಂದ್ಯಕ್ಕೆ ಬೌಲ್ ಎನ್ನುತ್ತಾರೆ. ನಮ್ಮಲ್ಲಿ ಸಂಜೆ ಕತ್ತಲು ಕವಿದು ಕಿಟಕಿಯಾಚೆ ಹಿಮ ಬೀಳುತ್ತಿದ್ದರೆ ಟಿ.ವಿ.ಯೊಳಗೆ ಬಿಸಿಲು, ಹಸಿರು ಹುಲ್ಲು, ಹಿಂದೆ ಬೆಟ್ಟ. ಅಪ್ಪ ಇಲ್ಲಿಗೆ ಓದಲು ಬಂದ ಮೊದಲ ಚಳಿಗಾಲದಲ್ಲಿ, ಬಾಡಿಗೆ ಕೋಣೆಯ ಹೀಟರ್ ಕೆಟ್ಟು ಕೂತಿದ್ದಾಗ, ಅವರ ವಿಶ್ವವಿದ್ಯಾಲಯದ ಟೀಮು ಅಲ್ಲಿ ಆಡಿತ್ತಂತೆ. ಕಂಬಳಿ ಹೊದ್ದು ಆ ಬಿಸಿಲು ನೋಡುತ್ತ, ಈ ದೇಶದಲ್ಲಿ ಹೇಗೋ ಬದುಕಬಹುದು ಅನ್ನಿಸಿತಂತೆ. ಅಂದಿನಿಂದ ಅದು ಅವರ ಬಾಯಲ್ಲಿ 'ನಮ್ಮ ಟೀಮು'.

ಆ ವರ್ಷ ಗಣೇಶನ ಹಬ್ಬ ಶನಿವಾರವೇ ಬಂದಿತ್ತು. ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಸ್ಕೋಕಿಯ ಪಾಟೀಲ್ ಅಂಕಲ್ ಮನೆಗೆ ಹೋಗಿದ್ದೆವು. ಹುಬ್ಬಳ್ಳಿಯವರು, ಅಪ್ಪನ ಹಳೆಯ ಸ್ನೇಹಿತರು. ಓದಿದ್ದು ಇಲಿನಾಯ್‌ನಲ್ಲಾದ್ದರಿಂದ ಅವರ ಟೀಮೂ ಅಲ್ಲಿಯದೇ. ಫ್ಯಾಮಿಲಿ ರೂಮಿನ ಒಂದು ಮೂಲೆಯಲ್ಲಿ ಗಣೇಶ, ಇನ್ನೊಂದು ಮೂಲೆಯಲ್ಲಿ ಟಿ.ವಿ. ಕರ್ಜಿಕಾಯಿ ಕರಿದ ಎಣ್ಣೆಯ ವಾಸನೆಯಲ್ಲಿ ಊದಿನಕಡ್ಡಿ ಬೆರೆತಿತ್ತು. ಸೀಸನ್ನಿನ ಮೊದಲ ಪಂದ್ಯ ನಡೆಯುತ್ತಿತ್ತು. ನಮ್ಮವರು ಎರಡು ಸಲ ಚೆಂಡು ಕೈಬಿಟ್ಟರು.

"ಬಿಡ್ರಿ, ನಿಮ್ಮ ಟೀಮ್ ಈ ಜನ್ಮದಾಗ ಆ ಬೌಲಿಗೆ ಹೋಗಂಗಿಲ್ಲ" ಎಂದರು ಪಾಟೀಲ್ ಅಂಕಲ್. "ಹೋದ ವರ್ಷ ನಮ್ಮ ಹುಡುಗ್ರ ಕೈಯಾಗ ಹೆಂಗ ಒದೆ ತಿಂದ್ರು, ಮರತ್ರೇನು?"

ಅಪ್ಪನಿಗೆ ರೋಷ ಉಕ್ಕಿತು. ಕೈಯಲ್ಲಿದ್ದ ಕಾಫಿ ಲೋಟವನ್ನು ಠಕ್ಕೆಂದು ಕೆಳಗಿಟ್ಟರು. "ನೋಡ್ರೀ ಪಾಟೀಲ್, ದೇವರ ಮುಂದೆ ಹೇಳ್ತಿದೀನಿ. ನಮ್ಮ ಟೀಮು ಚಾಂಪಿಯನ್ ಆಗಿ ಹೊಸ ವರ್ಷದ ದಿನ ಆ ಬೌಲ್‌ಗೆ ಹೋಗೋವರೆಗೂ ನಾನು ಕಾಫಿ ಮುಟ್ಟಲ್ಲ."

ಎಲ್ಲರೂ ಹೋ ಎಂದು ನಕ್ಕರು. ಅಮ್ಮ ನಗಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ, "ಏನ್ರೀ ಇದು, ಕಾಶಿಗೆ ಹೋಗಿ ಬಿಟ್ಟು ಬಂದೋರ ಹಾಗೆ? ಹೇಳೋ ಮುಂಚೆ ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು.

"ಡಿಸೆಂಬರ್‌ವರೆಗೆ ತಾನೇ ಕಣೇ" ಎಂದರು ಅಪ್ಪ.

ಸೋಮವಾರ ಬೆಳಿಗ್ಗೆ ಅಪ್ಪ ಟೇಬಲ್ಲಿಗೆ ಬಂದು ಕೂತರು. ವಾಸನೆ ಮೂಗಿಗೆ ಬಡಿದದ್ದೇ ಎದ್ದುಬಿಟ್ಟರು. ಮಂಗಳವಾರದಿಂದ ಒಂದು ಬಾಳೆಹಣ್ಣು ಹಿಡಿದು ಕತ್ತಲಲ್ಲೇ ಹೊರಟುಬಿಡುತ್ತಿದ್ದರು. ಅಮ್ಮ ಕೆಲವು ದಿನ ಒಬ್ಬಳೇ ಕೂತು ಕುಡಿದಳು. ಆಮೇಲೆ ಸಿಂಕಿನ ಹತ್ತಿರ ನಿಂತುಕೊಂಡೇ ಕುಡಿಯತೊಡಗಿದಳು. ಬೆಳಗಿನ ನಗು ನಿಂತುಹೋಯಿತು.

ಹೀಗಾಗಿ ನಾನು ಫುಟ್‌ಬಾಲಿನ ಕಡುಭಕ್ತೆಯಾದೆ. ನನ್ನ ಲೆಕ್ಕ ಸರಳವಾಗಿತ್ತು: ಅವರು ಗೆದ್ದರೆ ನನ್ನ ಬಟ್ಟಲಿಗೆ ನೊರೆ. ಶನಿವಾರ ಬಂದರೆ ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಅಪ್ಪನ ಪಕ್ಕ ಕೂರುತ್ತಿದ್ದೆ. ಪಂದ್ಯ ಮುಗಿದ ಮೇಲೆ ನಮ್ಮ ಬಡಾವಣೆಯ ಮಕ್ಕಳೆಲ್ಲ ಸೇರಿ ಒದ್ದೆ ಮೇಪಲ್ ಎಲೆಗಳ ರಾಶಿಯ ಮೇಲೆ ಚೆಂಡು ಹಿಡಿದು ಬೀಳುತ್ತಿದ್ದೆವು. ಮಣ್ಣು ಮೆತ್ತಿದ ಮಂಡಿ, ಕೊಳೆತ ಎಲೆಯ ವಾಸನೆ, ಚಳಿಗೆ ಮರಗಟ್ಟಿದ ಬೆರಳು. ಟೀಮು ಆ ವರ್ಷ ಮೈಮೇಲೆ ದೇವರು ಬಂದಂತೆ ಆಡಿತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ ಕೊನೆಯ ಪಂದ್ಯವನ್ನೂ ಗೆದ್ದು ಕಾನ್ಫರೆನ್ಸಿಗೆ ಚಾಂಪಿಯನ್ ಆಯಿತು. ಅಪ್ಪ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದರು. ಅಮ್ಮ ಸೌಟು ಹಿಡಿದೇ ಓಡಿ ಬಂದಳು.

ಯಾರು ಯಾವ ಬೌಲ್‌ಗೆ ಎಂದು ಡಿಸೆಂಬರಿನ ಒಂದು ಭಾನುವಾರ ಟಿ.ವಿ.ಯಲ್ಲಿ ಪ್ರಕಟಿಸುವುದಿತ್ತು. ನಮಗೆ ಅದೊಂದು ಶಾಸ್ತ್ರವಷ್ಟೇ. ಅಮ್ಮ ಫಿಲ್ಟರನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ಡಿಕಾಕ್ಷನ್ ಇಳಿಸಿದ್ದಳು. ಟೇಬಲ್ಲಿನ ಮೇಲೆ ಎರಡು ಲೋಟ, ನನ್ನ ಬಟ್ಟಲು. ಹಾಲು ಸಣ್ಣ ಉರಿಯಲ್ಲಿತ್ತು.

ಸೂಟು ಹಾಕಿದವನೊಬ್ಬ ನಗುನಗುತ್ತ ಹೇಳಿದ. ನಮ್ಮ ಟೀಮು ಈಗ ದೇಶಕ್ಕೇ ಎರಡನೆಯದು. ಆದ್ದರಿಂದ ಮೊದಲನೆಯವರ ಜೊತೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಡುತ್ತದೆ. ಬೇರೆ ಊರಿನಲ್ಲಿ, ಹೊಸ ವರ್ಷ ಕಳೆದ ಮೇಲೆ. ಆ ಹಳೆಯ ಬೌಲ್‌ಗೆ ನಮ್ಮ ಜಾಗದಲ್ಲಿ ಇನ್ಯಾರೋ. ಕೆಲವು ವರ್ಷ ಮುಂಚೆಯೇ ದೊಡ್ಡವರೆಲ್ಲ ಕೂತು ಹಳೆಯ ಒಪ್ಪಂದಕ್ಕೆ ಹೀಗೊಂದು ತೂತು ಕೊರೆದು ಸಹಿ ಹಾಕಿದ್ದರು. ಅಪ್ಪನಿಗೂ ಅದು ಗೊತ್ತಿತ್ತು. ಆದರೆ ನಮ್ಮ ಟೀಮು ಅಷ್ಟು ಚೆನ್ನಾಗಿ ಆಡೀತೆಂದು ಅವರೂ ಎಣಿಸಿರಲಿಲ್ಲ.

"ದಟ್ಸ್ ನಾಟ್ ಫೇರ್!" ಎಂದು ಕಿರುಚಿ ಸೋಫಾದ ದಿಂಬನ್ನು ಟಿ.ವಿ.ಗೆ ಎಸೆದೆ. ಗೆದ್ದರೆ ಹೋಗಬಹುದಂತೆ, ಜಾಸ್ತಿ ಗೆದ್ದರೆ ಹೋಗುವಂತಿಲ್ಲವಂತೆ. ಇದ್ಯಾವ ಸೀಮೆಯ ನ್ಯಾಯ?

ಅಷ್ಟರಲ್ಲಿ ಪಾಟೀಲ್ ಅಂಕಲ್ ಫೋನು. ಅವರ ದನಿ ಕೋಣೆಗೆಲ್ಲ ಕೇಳುತ್ತಿತ್ತು. "ಅದಕ್ಕಿಂತ ದೊಡ್ಡದಕ್ಕ ಹೊಂಟೀರಲ್ರೀ! ನಾ ಸೋತೆ. ಇನ್ನರ ಕಾಫಿ ಕುಡೀರಿ, ಹಟ ಸಾಕು."

"ನಾನು ಹೇಳಿದ್ದು ಆ ಬೌಲ್. ಇದಲ್ಲ" ಎಂದು ಅಪ್ಪ ಫೋನ್ ಇಟ್ಟರು.

ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಸಹಿ ಹಾಕಿದೋರೇ ಮಾತು ಮುರಿದಿದಾರೆ. ನಿಮಗೇನು ಬಂತು?"

"ಅವರು ಮುರಿದ್ರು ಅಂತ ನಾನೂ ಮುರೀಬೇಕಾ? ದೇವರ ಮುಂದೆ ಹೇಳಿದೀನಿ."

"ಅವರ ಒಪ್ಪಂದಕ್ಕೂ ನನ್ನ ಕಾಫಿಗೂ ಏನ್ರೀ ಸಂಬಂಧ?"

ಅಪ್ಪ ಟಿ.ವಿ. ಆರಿಸಿದರು. ಅಮ್ಮ ಅವರ ಪಾಲಿನ ಡಿಕಾಕ್ಷನ್ನನ್ನು ಸಿಂಕಿಗೆ ಸುರಿದಳು. ನನ್ನ ಬಟ್ಟಲನ್ನು ಬೋರಲು ಹಾಕಿದಳು. ಟೀಮು ಆ ದೊಡ್ಡ ಪಂದ್ಯವನ್ನೂ ಸೋತಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಮನೆಯ ಕತೆ. ಟಿ.ವಿ. ದುಡ್ಡಿನ ಆಸೆ ಅವರಿಗೆ, ಬರೆ ನಮ್ಮಮ್ಮನಿಗೆ. ಆ ಸೂಟಿನವರ ಮೇಲೆ ನನಗೆ ಸಿಟ್ಟು ಬಂದದ್ದು ಅಂದೇ. ಅಪ್ಪನ ಮೇಲಿನ ಸಿಟ್ಟು ನಿಧಾನವಾಗಿ ಬಂತು, ಆದರೆ ಅದೂ ಬಂತು. ಮಾತು ಉಳಿಸಿಕೊಳ್ಳುವುದು ದೊಡ್ಡದೇ ಇರಬಹುದು. ಅದರ ಬೆಲೆಯನ್ನು ಇನ್ನೊಬ್ಬರ ಕೈಯಲ್ಲಿ ತೆರಿಸುವುದು ಯಾವ ದೊಡ್ಡತನ? ಅಪ್ಪನಿಗೆ ಬೇಗ ಹೊರಡುವುದೇ ರೂಢಿಯಾಯಿತು. ಅವರ ಕುರ್ಚಿಯಲ್ಲಿ ನಾನು ಕೂರತೊಡಗಿದೆ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ನಾನು; ಈ ಕನ್ನಡವನ್ನು ಕಲಿತದ್ದು ಅಲ್ಲಿ, ಅಮ್ಮನ ಎದುರು ಕೂತು. ಹಾಗೆಂದು ಸೂಟಿನವರಿಗೆ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆಮೇಲೆ ಎಲ್ಲವೂ ಇನ್ನಷ್ಟು ಹದಗೆಟ್ಟಿತು. ಒಂದು ವರ್ಷ ನಮ್ಮವರು ಚಾಂಪಿಯನ್ ಆಗಲಿಲ್ಲ, ಆದ ವರ್ಷ ಮತ್ತೆಲ್ಲಿಗೋ ಎಳೆದುಕೊಂಡು ಹೋದರು. ಇಬ್ಬರ ಚಾಂಪಿಯನ್‌ಶಿಪ್ ಹೋಗಿ ನಾಲ್ವರ ಪ್ಲೇಆಫ್ ಬಂತು, ಅದು ಸಾಲದೆ ಹನ್ನೆರಡು ಟೀಮಿನದು ಬಂತು. ಹೊಸ ವರ್ಷದ ಬೌಲ್ ಈಗ ಮುಂದಿನ ಸುತ್ತಿಗೆ ಹತ್ತುವ ಒಂದು ಮೆಟ್ಟಿಲು. ಪಶ್ಚಿಮದ ಆ ಕಾನ್ಫರೆನ್ಸು ಒಡೆದು ಚೂರಾಯಿತು. ಅದರ ದೊಡ್ಡ ದೊಡ್ಡ ಟೀಮುಗಳು ದುಡ್ಡು ಹುಡುಕಿಕೊಂಡು ನಮ್ಮ ಕಾನ್ಫರೆನ್ಸಿಗೇ ಬಂದು ಸೇರಿದವು. ಎದುರಾಳಿಯೇ ಇಲ್ಲದ ಮೇಲೆ ಒಪ್ಪಂದವೆಲ್ಲಿ ಉಳಿಯಬೇಕು?

ಮೊನ್ನೆ ಹೊಸ ವರ್ಷಕ್ಕೆ ನಮ್ಮ ಟೀಮು ಕೊನೆಗೂ ಆ ಮೈದಾನಕ್ಕೆ ಹೋಯಿತು. ಪ್ಲೇಆಫಿನ ಒಂದು ಸುತ್ತು ಆಡಲು. ಚಾಂಪಿಯನ್ ಆಗಿಯೂ ಅಲ್ಲ. ನಾನೀಗ ಪಾಟೀಲ್ ಅಂಕಲ್ ಊರು ಸ್ಕೋಕಿಯಲ್ಲೇ ಇದ್ದೇನೆ. ಅಪ್ಪ ಫೋನ್ ಮಾಡಿ, "ಬರುವಾಗ ಒಳ್ಳೇ ಕಾಫಿಪುಡಿ ತಗೊಂಬಾ ಪುಟ್ಟಿ" ಎಂದರು.

"ಅಪ್ಪ, ಚಾಂಪಿಯನ್ ಆಗಿಲ್ವಲ್ಲ? ಎದುರಿರೋದು ಆ ಪಶ್ಚಿಮದ ಕಡೆಯ ಚಾಂಪಿಯನ್ನೂ ಅಲ್ಲ."

"ಆ ಕಡೆ ಅನ್ನೋದೇ ಇಲ್ವಲ್ಲಮ್ಮ ಈಗ. ಇನ್ನು ಯಾರಿಗೆ ಅಂತ ಕಾಯ್ಲಿ?"

ಪಂದ್ಯದ ಸಂಜೆ ನಾರ್ತ್‌ವಿಲ್‌ಗೆ ಹೋಗಿ, ಕಪಾಟಿನ ಮೇಲಿಂದ ಹಿತ್ತಾಳೆ ಫಿಲ್ಟರ್ ಇಳಿಸಿ ನಾನೇ ಕಾಫಿ ಮಾಡಿದೆ. ಎರಡು ಲೋಟ. ಪಕ್ಕದ ಕೋಣೆಯ ಟಿ.ವಿ.ಯಲ್ಲಿ ಕ್ಯಾಲಿಫೋರ್ನಿಯಾದ ಬಿಸಿಲು. ನಿವೃತ್ತರಾಗಿ ಮೆತ್ತಗಾದ ಅಪ್ಪ ಸ್ವೆಟರ್ ಸರಿಪಡಿಸಿಕೊಂಡು ಆ ಪುಟ್ಟ ಟೇಬಲ್ಲಿಗೆ ಬಂದು, ಎದುರಿನ ಕುರ್ಚಿ ಎಳೆದು, "ಬಾರೇ, ಕೂತ್ಕೋ" ಎಂದರು. ಮದುವೆ ಗಂಡಿನಂಥ ಸಂಭ್ರಮ ಅವರ ಮುಖದಲ್ಲಿ.

ಅಮ್ಮ ಬಂದು ಕೂತಳು. ಲೋಟದ ಮೇಲೆ ಮುಖವಿಟ್ಟು ಒಮ್ಮೆ ಘಮ ಎಳೆದುಕೊಂಡಳು. ಆಮೇಲೆ ಅದನ್ನು ನನ್ನ ಕಡೆ ಸರಿಸಿದಳು.

"ಡಾಕ್ಟರು ನಂಗೆ ಕಾಫಿ ಬಿಡಿಸಿ ಎರಡು ವರ್ಷ ಆಯ್ತು. ನಿಮಗೆ ಗೊತ್ತೇ ಇಲ್ಲ, ಅಲ್ವಾ?"

ನನಗೂ ಅವಳು ಹೇಳಿರಲಿಲ್ಲ. ಬೆಳಿಗ್ಗೆ ಆ ಅಡುಗೆಮನೆಯಲ್ಲಿ ಏನು ನಡೆಯುತ್ತದೆಂದು, ನಿವೃತ್ತರಾದ ಮೇಲೂ ಕತ್ತಲಲ್ಲೇ ವಾಕಿಂಗ್‌ಗೆ ಹೊರಟುಬಿಡುವ ಅಪ್ಪನಿಗೆ ತಿಳಿಯುವುದಾದರೂ ಹೇಗೆ?

"ನೀವು ಕುಡೀರಿ" ಎಂದು ಅಮ್ಮ ಎದ್ದಳು. "ಒಬ್ಬರೇ ಕೂತು ಕುಡಿಯೋದು ಹೇಗಿರುತ್ತೆ ಅಂತ ನೋಡಿ."

ಟಿ.ವಿ.ಯಲ್ಲಿ ಆಗಲೇ ಮುಂದಿನ ಸುತ್ತಿನ ಮಾತು ಶುರುವಾಗಿತ್ತು. ಅವರಿಗೇನು, ಪ್ರತಿ ವರ್ಷ ಹೊಸ ಸುತ್ತು ಹುಟ್ಟಿಸಿಕೊಳ್ಳುತ್ತಾರೆ. ನಮ್ಮ ಅಡುಗೆಮನೆಯ ಆ ಬೆಳಗುಗಳನ್ನು ಮತ್ತೆ ಯಾರು ಹುಟ್ಟಿಸಿ ಕೊಡುತ್ತಾರೆ? ಅಪ್ಪ ಎರಡು ಗುಟುಕು ಕುಡಿದರು. ಉಳಿದದ್ದನ್ನು ನೊರೆಯ ಸಮೇತ ಬಟ್ಟಲಿಗೆ ಬಗ್ಗಿಸಿ ನನ್ನ ಮುಂದೆ ದೂಡಿದರು.

"ಕುಡಿ ಪುಟ್ಟಿ" ಎಂದರು. "ಅಮ್ಮಂಗೆ..." ಎಂದು ಶುರುಮಾಡಿ, ಎದುರಿನ ಖಾಲಿ ಕುರ್ಚಿ ನೋಡಿ ಅಲ್ಲಿಗೇ ನಿಲ್ಲಿಸಿದರು.